ಬಿಟ್ಟ ಅಲೆಗಳ ಊರು

ಆ ಊರಿನಲ್ಲಿ ಇದ್ದದ್ದು ಒಂದೇ ಕಟ್ಟಳೆ. ಯಾರೂ ಯಾರಿಗಿಂತ ಮೊದಲು ಏನನ್ನೂ ತೆಗೆದುಕೊಳ್ಳಬಾರದು. ಕೊಟ್ಟರೆ ಮೂರು ಸಲ ಬೇಡ ಅನ್ನಬೇಕು, ಕೊಟ್ಟವರಿಗೇ ತಿರುಗಿ ‘ತಾವು ಮೊದಲು’ ಅನ್ನಬೇಕು. ಅಷ್ಟಾಗಿಯೂ ನಾಲ್ಕನೆಯ ಸಲ ಒತ್ತಾಯ ಬಂದರೆ, ‘ಇಷ್ಟು ಹೇಳ್ತೀರಿ ಅಂದಮೇಲೆ...’ ಅಂತ ತಲೆ ತಗ್ಗಿಸಿ ತೆಗೆದುಕೊಳ್ಳಬಹುದು.

ಹೀಗಾಗಿ ಆ ಊರಿನವರು ಬಿಸಿ ಅನ್ನ ಕಂಡವರಲ್ಲ. ಬಾಗಿಲಲ್ಲಿ ಇಬ್ಬರು ಎದುರಾದರೆ ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ, ಸಂಜೆಯವರೆಗೆ. ಕಳ್ಳತನದ ಭಯವಂತೂ ಇರಲೇ ಇಲ್ಲ. ಕಳ್ಳ ಬಂದವನು ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಿದ್ದ. ಮನೆಯವರು ‘ಬನ್ನಿ ಬನ್ನಿ’ ಅನ್ನುತ್ತಿದ್ದರು. ‘ಇಲ್ಲ ಇಲ್ಲ, ಇನ್ನೊಮ್ಮೆ ಬರುತ್ತೇನೆ’ ಅಂತ ಅವನು ನಾಚಿಕೊಂಡು ಹೊರಟುಹೋಗುತ್ತಿದ್ದ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನ್ನ ಗಂಟೇನೂ ಹೋಗುವುದಿಲ್ಲ.

ಊರಿನ ಮುಂದೆ ಕಡಲಿತ್ತು. ಆದರೆ ಅದು ತಟ್ಟೆಯಲ್ಲಿ ನೀರು ಹೊಯ್ದ ಹಾಗೆ ಸಪಾಟು. ಅಲೆ ಇದ್ದದ್ದು ದೂರದಲ್ಲಿ, ಆಚೆಕಡಲಿನಲ್ಲಿ. ಅಲ್ಲಿಗೆ ನಾಲ್ಕು ದಿನದ ದಾರಿ. ಮೊದಲ ದಿನ ಸೊಂಟದವರೆಗೆ ಕೆಸರು. ಎರಡನೆಯ ದಿನ ಮುಳ್ಳು. ಮೂರನೆಯ ದಿನ ಮರಳು, ಕುಡಿಯಲು ಹನಿ ನೀರಿಲ್ಲ. ನಾಲ್ಕನೆಯ ದಿನ ಒಂದು ಕಡಿದಾದ ಬಂಡೆ, ಅದರಿಂದ ಇಳಿಯಲು ಒಂದು ಹಗ್ಗ. ಕೆಳಗೆ ಎರಡು ಕರಿ ಬಂಡೆಗಳ ನಡುವೆ ಸಣ್ಣ ಕೊಲ್ಲಿ. ವರ್ಷಕ್ಕೆ ಒಂದು ದಿನ, ಬೆಳಿಗ್ಗೆ, ಅಲ್ಲಿ ಒಂಬತ್ತು ಅಲೆ ಏಳುತ್ತಿದ್ದವು. ಎಂಥ ಅಲೆ ಅಂತೀರಿ! ಹಸಿರು ಗೋಡೆ ಎದ್ದು ನಡೆದುಬಂದ ಹಾಗೆ.

ಆ ಅಲೆಯನ್ನು ಹತ್ತುವುದಕ್ಕೆಂದು ಊರಿನವರು ವರ್ಷವಿಡೀ ತಯಾರಾಗುತ್ತಿದ್ದರು. ಆಳೆತ್ತರದ ಹಲಗೆಯನ್ನು ನುಣ್ಣಗೆ ಕೆತ್ತುವುದು. ಅದಕ್ಕೆ ಜೇನುಮೇಣ ತಿಕ್ಕುವುದು. ಅಂಗಳದಲ್ಲಿ ಉಮಿಚೀಲದ ಮೇಲೆ ಹಲಗೆ ಇಟ್ಟು, ಅದರ ಮೇಲೆ ಬೋರಲು ಮಲಗಿ, ಕೈಯಿಂದ ಗಾಳಿಯನ್ನೇ ಈಸಿ, ‘ಬಂತು!’ ಅಂದಕೂಡಲೇ ಚಂಗನೆ ಎದ್ದು ನಿಲ್ಲುವುದು. ಬೆಳಿಗ್ಗೆ ನೂರು ಸಲ, ಸಂಜೆ ನೂರು ಸಲ. ಆಮೇಲೆ ಆ ದಿನ ಹತ್ತಿರ ಬಂದಾಗ ಹಲಗೆಯನ್ನು ತಲೆಯ ಮೇಲೆ ಹೊತ್ತು, ಕೆಸರು, ಮುಳ್ಳು, ಮರಳು ದಾಟಿ, ಹಗ್ಗ ಹಿಡಿದು ಇಳಿದು, ಕಡಲಿಗೆ ಹೋಗಿ, ಹಲಗೆಯ ಮೇಲೆ ಕೂತು, ಅಲೆ ಬಂದಾಗ ಪಕ್ಕದವರಿಗೆ ‘ತಾವು ಮೊದಲು’ ಅನ್ನುವುದು.

ಅಲೆಗೇನು, ಅದು ಕಾಯುತ್ತದೆಯೇ? ಎರಡು ‘ಬೇಡ’ ಮುಗಿಯುವಷ್ಟರಲ್ಲಿ ಅದು ಕಾಲಡಿಯಿಂದ ಜಾರಿ ಹೋಗಿರುತ್ತಿತ್ತು. ಕಟ್ಟಳೆಗೆ ಬೇಕಾದದ್ದು ಮೂರು. ಒಂಬತ್ತು ಅಲೆಗಳೂ ಹಾಗೆ ಖಾಲಿಯಾಗಿ ದಡಕ್ಕೆ ಹೋಗಿ ಒಡೆಯುತ್ತಿದ್ದವು. ನೆನಪಿರುವ ಕಾಲದಿಂದ ಒಬ್ಬರೂ ಒಂದು ಅಲೆಯನ್ನೂ ಹತ್ತಿರಲಿಲ್ಲ.

ಅದಕ್ಕೆ ಯಾರಿಗೂ ಬೇಜಾರಿರಲಿಲ್ಲ, ತಿಳಿಯಿತೇ? ಬಿಟ್ಟದ್ದೇ ಅಲ್ಲಿ ಮರ್ಯಾದೆ. ದಡದ ಬಂಡೆಯ ಮೇಲೆ ಡಂಗುರದವನು ಕಡಲಿಗೆ ಬೆನ್ನು ಹಾಕದೆ, ಆದರೆ ಅಲೆಯನ್ನೂ ನೋಡದೆ, ಜನರ ಬಾಯನ್ನೇ ನೋಡುತ್ತ ಕೂತಿರುತ್ತಿದ್ದ. ಅಲೆ ದಾಟಿಹೋಗುವಾಗ ಕೊನೆಯ ‘ಬೇಡ’ ಯಾರ ಬಾಯಿಂದ ಬಂತೋ ಅವರ ಹೆಸರಿಗೆ ಆ ಅಲೆ. ಡಬಡಬ ಬಡಿದು ‘ಇಂಥವರು ಅಲೆ ಬಿಟ್ಟರು!’ ಅಂತ ಕೂಗುತ್ತಿದ್ದ. ಊಟದ ಪಂಕ್ತಿಯಲ್ಲಿ ಕೂರಿಸುವುದು ಬಿಟ್ಟ ಅಲೆಗಳ ಲೆಕ್ಕದಲ್ಲಿ. ಪಂಕ್ತಿಯ ತಲೆಯಲ್ಲಿ ಕೂರುತ್ತಿದ್ದವನು ಅಲೆಯಜ್ಜ. ಅರುವತ್ತು ವರ್ಷದಲ್ಲಿ ಬಿಟ್ಟ ಅಲೆ ಮುನ್ನೂರ ಹನ್ನೆರಡು. ಅವನು ನಡೆದರೆ ನಾಯಿಗಳೂ ದಾರಿ ಬಿಡುತ್ತಿದ್ದವು. ಅವನೂ ನಾಯಿಗಳಿಗೆ ದಾರಿ ಬಿಡುತ್ತಿದ್ದ. ಹಾಗಾಗಿ ಅವನು ಬಹಳ ನಡೆಯುತ್ತಿರಲಿಲ್ಲ.

ಪಂಕ್ತಿಯ ಬಾಲದಲ್ಲಿ ಕೂರುತ್ತಿದ್ದವಳು ಅವಲಕ್ಕಿಯವಳು. ಊರಿಗೆಲ್ಲ ಅವಲಕ್ಕಿ ಕುಟ್ಟಿಕೊಡುವವಳು. ಹನ್ನೊಂದು ವರ್ಷದಲ್ಲಿ ಅವಳು ಬಿಟ್ಟದ್ದು ನಾಲ್ಕೇ ನಾಲ್ಕು ಅಲೆ. ಬಿಡುವುದರಲ್ಲಿ ಅವಳು ಹಿಂದೆ. ಕಾರಣ ಏನೆಂದರೆ, ಅಲೆ ಬಂದಾಗ ಅವಳು ‘ಬೇಡ’ ಅನ್ನುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ಅಲೆಯನ್ನೇ ನೋಡುತ್ತಿದ್ದಳು.

ಅವಳಿಗೆ ಅಲೆ ಹತ್ತಬೇಕಿತ್ತು. ಇದೇ ಕಥೆ, ಇಷ್ಟೇ ಕಥೆ. ಒನಕೆ ಎತ್ತಿದಾಗ ಅಲೆ ಎದ್ದ ಹಾಗೆ, ಇಳಿಸಿದಾಗ ಒಡೆದ ಹಾಗೆ ಕಾಣುತ್ತಿತ್ತು ಅವಳಿಗೆ. ಅನ್ನ ಬಸಿಯುವಾಗ ಅದೇ, ತಲೆ ಬಾಚುವಾಗ ಅದೇ. ಒಂದೇ ಒಂದು ಸಲ, ಒಂದೇ ಒಂದು ಅಲೆ, ಅದರ ನೆತ್ತಿಯ ಮೇಲೆ ನಿಂತು ದಡದವರೆಗೆ. ಅಯ್ಯೋ, ಎಷ್ಟು ಆಸೆ ಇತ್ತು ಪಾಪ ಅವಳಿಗೆ! ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ‘ನನಗೆ ಬೇಕು’ ಅನ್ನುವ ಮಾತನ್ನು ಆ ಊರಿನಲ್ಲಿ ಹಾಲು ಕುಡಿಯುವ ಕೂಸುಗಳು ಮಾತ್ರ ಅತ್ತು ಹೇಳುತ್ತಿದ್ದವು. ಅವುಗಳನ್ನೂ ಬೇಗ ತಿದ್ದುತ್ತಿದ್ದರು.

ಈ ವರ್ಷ ಅವಳ ಮಂಡಿ ಹೋಗಿತ್ತು. ಹೊರಡುವ ಮೊದಲು ಎಲ್ಲರೂ ಕಟ್ಟೆಯ ಮುಂದೆ ಕೈ ಊರದೆ ಮೂರು ಸಲ ಕುಕ್ಕರಗಾಲಲ್ಲಿ ಕೂತು ಏಳಬೇಕು. ಏಳಲಾಗದವರು ಇನ್ನು ಮುಂದೆ ದಡದವರು. ಅವರ ಹಲಗೆಯನ್ನು ಕೊಯ್ದು ಮಣೆ ಮಾಡಿ, ಅದರ ಮೇಲೆ ಅವರನ್ನು ಕೂರಿಸಿ ಆರತಿ ಎತ್ತುತ್ತಾರೆ. ಅವಲಕ್ಕಿಯವಳು ಮೂರನೆಯ ಸಲ ಏಳುವಾಗ ಮಂಡಿ ಲಟಕ್ ಅಂತು. ಊರಿಗೆಲ್ಲ ಕೇಳಿಸಿತು. ಅಲೆಯಜ್ಜ ಮರ್ಯಾದೆಗೆ ಕಿವುಡನಾದ. ಆದರೆ ಮುಂದಿನ ವರ್ಷ ಕಿವುಡನಾದರೂ ಪ್ರಯೋಜನವಿಲ್ಲ ಅಂತ ಅವಳಿಗೆ ಗೊತ್ತಿತ್ತು. ಇದೇ ಕೊನೆ. ಬಡಗಿ ಆಗಲೇ ಅವಳ ಹಲಗೆಯ ಕಡೆ ಒಂದು ಕಣ್ಣು ಹಾಯಿಸಿ, ‘ಒಳ್ಳೇ ಮಣೆ ಆಗ್ತದೆ ಅಕ್ಕ’ ಅಂದಿದ್ದ.

ಇಪ್ಪತ್ತಮೂರು ಜನ ಹಲಗೆಯವರು ಹೊರಟರು. ಅಲೆಯಜ್ಜನಿಗೆ ಕೂತು ಏಳುವ ಪರೀಕ್ಷೆ ಇಲ್ಲ. ಅವನು ಎಂಬತ್ತು ದಾಟಿದರೂ ಬರಲೇಬೇಕು, ಹಿರಿಯರೇ ಇಲ್ಲದಿದ್ದರೆ ಮೊದಲು ‘ತಾವು’ ಅನ್ನುವುದು ಯಾರಿಗೆ? ಅವನನ್ನು ಒಂದು ದೊಡ್ಡ ಬುಟ್ಟಿಯಲ್ಲಿ ಕೂರಿಸಿ ಹೊತ್ತರು. ಆ ಬುಟ್ಟಿ ಹೆಣೆದವನು ಅವಲಕ್ಕಿಯವಳ ಪಕ್ಕದ ಮನೆಯ ಬುಟ್ಟಿಯವ. ಅವಳನ್ನು ಅಕ್ಕ ಅನ್ನುವವನು, ಮೃದು ಮನುಷ್ಯ, ತಾನು ಹೆಣೆದ ಬುಟ್ಟಿಗೂ ನೋವಾಗಬಾರದು ಅಂತ ಮೆಲ್ಲಗೆ ಇಡುವವನು.

ಕೆಸರಿನಲ್ಲಿ ‘ತಾವು ಮೊದಲು’. ಮುಳ್ಳಿನಲ್ಲಿ ‘ತಾವು ಮೊದಲು’. ಮರಳಿನಲ್ಲಿ ಕೊನೆಯ ತಂಬಿಗೆ ನೀರು ಇಪ್ಪತ್ತಮೂರು ಕೈ ಸುತ್ತಿ, ತುಂಬಿದ ಹಾಗೆಯೇ ವಾಪಸು ಬಂತು. ಹಗ್ಗದ ಬಂಡೆಯ ಹತ್ತಿರ ಮಾತ್ರ ಉಪಚಾರ ನಿಜವಾಗಿಯೂ ಮನಸಾರೆ ನಡೆಯಿತು. ಕೆಳಗೆ ನೋಡಿದರೆ ತಲೆ ತಿರುಗುವ ಆ ಜಾಗದಲ್ಲಿ ಎಲ್ಲರೂ ಎಲ್ಲರಿಗೂ ಕಣ್ಣಲ್ಲಿ ನೀರು ತಂದುಕೊಂಡು ‘ತಾವೇ ಮೊದಲು’ ಅಂದರು.

ತಮ್ಮ ಸರದಿ ಕಾಯುತ್ತ ಕೂತಾಗ ಅವಲಕ್ಕಿಯವಳು ಬುಟ್ಟಿಯವನ ಕಡೆ ತಿರುಗಿದಳು.

‘ತಮ್ಮಾ, ಒಂದು ಮಾತು. ಯಾರಾದ್ರೂ ಒಬ್ಬರು ಒಂದು ಅಲೆ ಹತ್ತಿದ್ರೆ ಏನಾದೀತು?’

‘ಯಾರು ಅಕ್ಕ?’

ಅವಳು ಕಾಲ ಹೆಬ್ಬೆರಳು ನೋಡಿಕೊಂಡಳು. ಬುಟ್ಟಿಯವ ಅವಳ ಮುಖ ನೋಡಿದ, ಅವಳ ಮಂಡಿ ನೋಡಿದ. ಅವನಿಗೆ ಅರ್ಥವಾಯಿತು. ಮುಖವೆಲ್ಲ ಕೆಂಪಾಯಿತು.

‘ಕಟ್ಟಳೆ ಉಂಟಲ್ಲ ಅಕ್ಕ.’

‘ಕಟ್ಟಳೆ ಮುರಿಯೋದು ಬೇಡ ಮಾರಾಯ. ಅಲೆ ಎರಡು ಬೇಡಕ್ಕೆ ಹೋಗಿಬಿಡ್ತದೆ, ಅಲ್ವಾ? ಮೂರು ಬೇಡವನ್ನೂ ದಡದಲ್ಲೇ ಮುಗಿಸಿಕೊಂಡು ಹೋದ್ರೆ?’

ಬುಟ್ಟಿಯವ ಬಹಳ ಹೊತ್ತು ಯೋಚಿಸಿದ. ಊರು ಹುಟ್ಟಿದಾಗಿನಿಂದ ಯಾರಿಗೂ ಹೊಳೆಯದ ಉಪಾಯ. ‘ಆಯ್ತಕ್ಕ’ ಅಂದ. ಅಂದವನು ಗಾಬರಿಯಾಗಿ, ‘ಬೇಡ, ಬೇಡ, ಬೇಡ’ ಅಂತ ಬಿಟ್ಟುಹೋದ ಮೂರನ್ನೂ ಸೇರಿಸಿ, ಮತ್ತೆ ‘ಆಯ್ತಕ್ಕ’ ಅಂದ.

ಬೆಳಗಾಯಿತು. ಇಬ್ಬರೂ ಒಂದು ಬಂಡೆಯ ಮರೆಗೆ ಹೋಗಿ ಶಾಸ್ತ್ರ ಮುಗಿಸಿದರು. ಅವನು ಹತ್ತಿ ಅಂದ, ಅವಳು ಬೇಡ ಅಂದಳು, ಮೂರು ಸಲ, ತಲೆ ಅಲ್ಲಾಡಿಸುವುದೂ ಬಿಡದೆ. ಆಮೇಲೆ ಎಲ್ಲರ ಜೊತೆ ನೀರಿಗೆ ಇಳಿದರು. ಇಪ್ಪತ್ತಮೂರು ಹಲಗೆಗಳು ಒಂದಕ್ಕೊಂದು ಅಂಟಿಕೊಂಡು ನಿಂತವು. ದೂರ ದೂರ ಕೂತರೆ ಉಪಚಾರದ ಮಾತು ಕೇಳಿಸಬೇಕಲ್ಲ!

ಮೊದಲ ಅಲೆ ಬಂತು. ಅದು ವಾಡಿಕೆಯಂತೆ ಅಲೆಯಜ್ಜನಿಗೆ. ಎಲ್ಲರೂ ‘ತಾವು’ ಅಂದರು, ಅಜ್ಜ ಹೂವು ಮುಟ್ಟಿದ ಹಾಗೆ ಗಾಳಿಯಲ್ಲಿ ಕೈಯಾಡಿಸಿ ‘ಛೇ ಛೇ’ ಅಂದ. ಅಲೆ ಹೋಯಿತು. ಡಂಗುರ ಬಡಿಯಿತು. ಮುನ್ನೂರ ಹದಿಮೂರು.

ಎರಡನೆಯ ಅಲೆ. ಬುಟ್ಟಿಯವ ಗಂಟಲು ಸರಿಮಾಡಿಕೊಂಡು ನಾಲ್ಕನೆಯ ಸಲ, ‘ಹತ್ತಿ ಅಕ್ಕ’ ಅಂದ. ‘ಇಷ್ಟು ಹೇಳ್ತೀ ಅಂದಮೇಲೆ...’ ಅಂತ ಅವಳು ಬೋರಲು ಮಲಗಿ ನೀರಿಗೆ ಕೈ ಹಾಕಿದಳು. ಅಷ್ಟರಲ್ಲಿ ಅದನ್ನು ಕೇಳಿಸಿಕೊಂಡ ಎಡಗಡೆಯವನು, ತಾನು ಹಿಂದೆ ಬೀಳಬಾರದಲ್ಲ ಅಂತ, ‘ಹೌದಕ್ಕ, ನೀವೇ ಹತ್ತಿ!’ ಅಂದ. ಬಲಗಡೆಯವಳು, ‘ಅಯ್ಯೋ ನಾನೇ ಹೇಳ್ಬೇಕು ಅಂತಿದ್ದೆ, ಹತ್ತಿ!’ ಅಂದಳು. ಉಳಿದ ಇಪ್ಪತ್ತೊಂದು ಜನವೂ ಒಬ್ಬರಾದ ಮೇಲೊಬ್ಬರು ಶುರುಮಾಡಿದರು. ಒಬ್ಬೊಬ್ಬರಿಗೂ ಮೂರು ಮೂರು ಬೇಡ. ಅರುವತ್ತಮೂರು ಬೇಡ ಮುಗಿಸಿ ಅವಳು ತಲೆ ಎತ್ತುವಾಗ ಅಲೆ ಹೋಗಿ ಅದರ ನೊರೆಯೂ ಆರಿತ್ತು. ‘ಅವಲಕ್ಕಿಯವಳು ಅಲೆ ಬಿಟ್ಟಳು! ಇಪ್ಪತ್ತೆರಡು ಜನ ಒತ್ತಾಯ ಮಾಡಿದರೂ ಜಗ್ಗಲಿಲ್ಲ!’ ಅಂತ ಡಂಗುರದವನು ಕುಣಿದು ಕುಣಿದು ಬಡಿದ. ಎಲ್ಲರೂ ಅವಳ ಕಡೆ ಅಭಿಮಾನದಿಂದ ನೋಡಿದರು. ಅವಳಿಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ಮೂರನೆಯ ಅಲೆಗೆ ಅವಳು ಮೆಲ್ಲಗೆ ಈಸಿ ಒಂದು ಮಾರು ದೂರ ಹೋದಳು. ನಾಲ್ಕನೆಯದಕ್ಕೆ ಇಪ್ಪತ್ತು ಮಾರು. ‘ಅಕ್ಕ ಒಬ್ಬರೇ ಆಗಿಬಿಟ್ರಲ್ಲ, ಬೇಜಾರಾಗೋದಿಲ್ವಾ’ ಅಂತ ಎಲ್ಲರೂ ಹಲಗೆ ತಳ್ಳಿಕೊಂಡು ಅವಳ ಹತ್ತಿರವೇ ಬಂದು ಗುಂಪಾದರು. ಎರಡು ಅಲೆಯೂ ಹೋದವು. ಎರಡೂ ಅವಳ ಹೆಸರಿಗೇ ಬಿದ್ದವು.

ಐದನೆಯದಕ್ಕೆ ಅವಳು ಕಣ್ಣು ಮುಚ್ಚಿ, ಯಾರೂ ಏನೂ ಹೇಳುವ ಮೊದಲೇ ಒಂದೇ ಉಸಿರಿಗೆ ‘ಬೇಡಬೇಡಬೇಡ’ ಅಂದಳು. ಬುಟ್ಟಿಯವ ಹೆದರಿ ಅವಳ ಹಲಗೆ ಹಿಡಿದುಕೊಂಡು, ‘ಯಾಕಕ್ಕ, ನನ್ನಿಂದ ಏನಾದ್ರೂ ತಪ್ಪಾಯ್ತಾ?’ ಅಂತ ಕೇಳಿದ. ‘ಬಿಡೋ, ಹಲಗೆ ಬಿಡೋ!’ ಅಂದಳು. ‘ಬೇಜಾರಾಗಿಲ್ಲ ಅಂತ ಹೇಳಿ, ಬಿಡ್ತೇನೆ’ ಅಂದ. ಹೇಳಿದಳು. ಬಿಟ್ಟ. ಅಲೆ ಎಲ್ಲಿದೆ?

ಆರನೆಯದು ಹೋಯಿತು. ಏಳನೆಯದು ಹೋಯಿತು. ಬೆಳಿಗ್ಗೆ ನಾಲ್ಕಿದ್ದದ್ದು ಈಗ ಹತ್ತಾಗಿತ್ತು. ‘ನೋಡಿ, ಕೊನೇ ವರ್ಷದಲ್ಲಿ ಹೇಗೆ ಬಿಡ್ತಾ ಇದ್ದಾರೆ!’ ಅಂತ ಹಿಂದಿನಿಂದ ಯಾರೋ ಹೊಗಳಿದರು. ಅವಲಕ್ಕಿಯವಳು ಹಲಗೆಯ ಮೇಲೆ ಮುಖ ಇಟ್ಟು ಅತ್ತಳು. ಕಡಲಿನಲ್ಲಿ ಅತ್ತರೆ ಯಾರಿಗೆ ತಿಳಿಯಬೇಕು? ಮುಖವೆಲ್ಲ ಮೊದಲೇ ಉಪ್ಪು. ಬರುವ ವರ್ಷ ಈ ಹಲಗೆ ಮಣೆ. ನಾನು ಅದರ ಮೇಲೆ ಕೂತು ಆರತಿ ಎತ್ತಿಸಿಕೊಳ್ಳುವವಳು.

ಎಂಟನೆಯ ಅಲೆ ದೂರದಲ್ಲಿ ತಲೆ ಎತ್ತಿತು. ಇಪ್ಪತ್ತೆರಡು ಬಾಯಿಗಳು ತೆರೆದವು, ಇಪ್ಪತ್ತೆರಡು ‘ತಾ’ಗಳು ನಾಲಗೆಯ ತುದಿಗೆ ಬಂದವು.

‘ನನಗೆ ಬೇಕು!’ ಅಂದಳು ಅವಲಕ್ಕಿಯವಳು.

ಎಲ್ಲರ ಬಾಯಿಯೂ ತೆರೆದದ್ದು ತೆರೆದ ಹಾಗೆಯೇ ನಿಂತಿತು. ‘ಬೇಡ’ ಅಂದರೆ ಏನು ಹೇಳಬೇಕು ಅಂತ ಅವರಿಗೆ ಗೊತ್ತಿತ್ತು. ‘ತಾವು’ ಅಂದರೆ ಏನು ಹೇಳಬೇಕು ಅಂತ ಗೊತ್ತಿತ್ತು. ‘ನನಗೆ ಬೇಕು’ ಅಂದರೆ ಏನು ಹೇಳಬೇಕು ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡಲ ಮೇಲೆ ಅಂಥ ನಿಶ್ಶಬ್ದ ಯಾವತ್ತೂ ಆಗಿರಲಿಲ್ಲ. ಆ ನಿಶ್ಶಬ್ದದಲ್ಲಿ ಅವಳು ಬೋರಲು ಮಲಗಿ, ಒನಕೆ ಹಿಡಿದು ಗಟ್ಟಿಯಾದ ಎರಡು ಕೈಯಿಂದ ನೀರು ಎಳೆದಳು. ಒಂದು. ಎರಡು. ಮೂರು. ಅಲೆ ಅವಳ ಹಲಗೆಯಡಿಗೆ ಬಂದು ಅವಳನ್ನು ಎತ್ತಿತು. ಎದ್ದು ನಿಂತಳು. ಮಂಡಿ ಲಟಕ್ ಅಂತು. ಅನ್ನಲಿ ಬಿಡಿ!

ಹೋದಳು ನೋಡಿ! ಕಾಲು ಅಗಲಿಸಿ, ಸೀರೆಯ ಕಚ್ಚೆ ಬಿಗಿದು, ಕೈ ಎರಡೂ ಕೊಕ್ಕರೆಯ ರೆಕ್ಕೆಯ ಹಾಗೆ ಚಾಚಿ, ಬಿದ್ದೇನೆಂಬ ಭಯಕ್ಕೆ ಕಾಲಿನಿಂದ ಕಣ್ಣು ಕೀಳದೆ, ‘ಅಯ್ಯಯ್ಯಯ್ಯೋ’ ಅಂತ ಬಾಯಿತುಂಬ ಕೂಗುತ್ತ ದಡದವರೆಗೂ ಹೋದಳು. ದಡ ಬಂದದ್ದು ತಿಳಿಯದೆ ಮರಳಿಗೆ ಹಲಗೆ ತಾಗಿ ದಬಾರನೆ ಬಿದ್ದಳು. ಬಿದ್ದಲ್ಲೇ ಮಲಗಿ ನಕ್ಕಳು. ನಗು ನಿಲ್ಲಿಸಲಿಕ್ಕೆ ಅವಳಿಗೆ ಆಗಲಿಲ್ಲ.

ಡಂಗುರದವನು ಕೋಲು ಎತ್ತಿದ. ‘ಅವಲಕ್ಕಿಯವಳು ಅಲೆ... ಅಲೆ...’ ಮುಂದಿನ ಮಾತು ಅವನ ಹತ್ತಿರ ಇರಲಿಲ್ಲ. ಕೋಲು ಇಳಿಸಿದ.

ಅವಳು ಹಲಗೆ ಎತ್ತಿಕೊಂಡು ಗುಂಪಿನ ಹತ್ತಿರ ವಾಪಸು ಈಸಿಕೊಂಡು ಬಂದಳು. ಬೈಗುಳ ಕಾದಿದೆ ಅಂತ ಅವಳಿಗೆ ಗೊತ್ತಿತ್ತು. ಆದರೆ ಬೈಯುವುದಕ್ಕೂ ಅಲ್ಲಿ ಕ್ರಮ ಉಂಟಲ್ಲ. ‘ನೀವು ಬೈಯಿರಿ’, ‘ಛೇ, ನೀವು ಹಿರಿಯರು, ನೀವೇ ಬೈಯಿರಿ’ ಅಂತ ಹಿಂದೆ ಗುಸುಗುಸು ನಡೆದೇ ಇತ್ತು. ಅಷ್ಟರಲ್ಲಿ ಅಲೆಯಜ್ಜ ತನ್ನ ಹಲಗೆಯನ್ನು ಅವಳ ಹತ್ತಿರ ತಂದ.

‘ಮಗಳೇ, ಹೇಗಿತ್ತು?’ ಅಂತ ಕೇಳಿದ.

‘ಏನಿಲ್ಲ ಅಜ್ಜ, ಅಷ್ಟೇನೂ...’ ಅಂತ ಮರ್ಯಾದೆಯ ಮಾತು ಬಾಯಿಗೆ ಬಂತು. ಅಜ್ಜನ ಕಣ್ಣು ನೋಡಿದಳು. ಆ ಕಣ್ಣಿಗೆ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

‘ತುಂಬ ಚೆನ್ನಾಗಿತ್ತು ಅಜ್ಜ. ನಾನು ಅಂದುಕೊಂಡಿದ್ದಕ್ಕಿಂತಲೂ ಚೆನ್ನಾಗಿತ್ತು.’

ಅಜ್ಜ ಗಡ್ಡದ ನೀರು ಹಿಂಡಿಕೊಂಡ. ‘ನಾನು ಮುನ್ನೂರ ಹದಿಮೂರು ಬಿಟ್ಟೆ’ ಅಂದ. ಪಂಕ್ತಿಯ ತಲೆಯಲ್ಲಿ ಕೂತು ಹೇಳುವ ದನಿ ಅದಾಗಿರಲಿಲ್ಲ.

ಒಂಬತ್ತನೆಯ ಅಲೆ ಏಳುತ್ತಿತ್ತು. ಕೊನೆಯದು. ಬೆಪ್ಪಾಗಿದ್ದ ಜನಕ್ಕೆ ಹಳೆಯ ಅಭ್ಯಾಸ ವಾಪಸು ಬಂತು. ‘ತಾವು ಮೊದಲು ಅಜ್ಜ!’ ಅಂದರು ಎಲ್ಲರೂ, ಜೀವ ಬಂದವರ ಹಾಗೆ. ಅಜ್ಜ ಬಾಯಿ ತೆರೆದ. ಏನೋ ಹೇಳಬೇಕೆಂದಿದ್ದ, ಅದು ಅವಳಿಗೆ ಚೆನ್ನಾಗಿ ಕಂಡಿತು. ಆದರೆ ಅರುವತ್ತು ವರ್ಷ ಪಳಗಿದ ನಾಲಗೆ, ಅದು ಅವನ ಮಾತು ಕೇಳುತ್ತದೆಯೇ? ‘ಬೇಡ’ ಅಂತು ಅದು.

ಬಾಯಿ ಬೇಡ ಅಂದಿತು. ಕೈ ಮಾತ್ರ ಆಗಲೇ ನೀರಿನೊಳಗೆ ಇಳಿದಿತ್ತು, ಒಣಗಿದ ಕಡ್ಡಿಯಂಥ ಎರಡು ಕೈ, ನೀರು ಎಳೆಯುತ್ತಿದ್ದವು.

ಅವಲಕ್ಕಿಯವಳು ಅಜ್ಜನ ಕೈಯನ್ನು ನೋಡಿದಳು, ಬಾಯಿಯ ಮಾತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಜ್ಜನ ಹಲಗೆಯ ಹಿಂದಕ್ಕೆ ಬಂದು, ಎರಡು ಅಂಗೈ ಊರಿ, ಇದ್ದ ಬಲವೆಲ್ಲ ಹಾಕಿ ತಳ್ಳಿದಳು.

‘ಬೇಡ!’ ಅಂತ ಕೂಗಿದ ಅಜ್ಜ. ಅಲೆ ಅವನನ್ನು ಎತ್ತಿಕೊಂಡಿತು. ‘ಬೇಡ ಅಂದೆನಲ್ಲ!’ ಅಂತ ಕೂಗಿದ, ಅಲೆಯ ನೆತ್ತಿಯಿಂದ. ಮಲಗಿದಲ್ಲಿಂದ ಏಳುವ ಮಾತೇ ಇಲ್ಲ, ಹಲ್ಲಿಯ ಹಾಗೆ ಹಲಗೆಗೆ ಅಂಟಿಕೊಂಡಿದ್ದ. ಅರ್ಧ ದಾರಿಗೆ ಅವನ ದನಿ ಮತ್ತೆ ಕೇಳಿಸಿತು, ಮೆತ್ತಗೆ, ಅಲೆಗೇ ಹೇಳಿದ ಹಾಗೆ: ‘ಇಷ್ಟು ಹೇಳ್ತೀರಿ ಅಂದಮೇಲೆ...’ ಆಮೇಲೆ ದಡದವರೆಗೂ ಒಂದೇ ಕಿರುಚಾಟ, ಹೆದರಿಕೆಯದೋ ಖುಷಿಯದೋ ಯಾರಿಗೂ ಹೇಳಲಾಗದ ಕಿರುಚಾಟ.

ಅಜ್ಜ ಸತ್ತೇಹೋದ ಅಂತ ಎಲ್ಲರೂ ಬಿದ್ದು ಎದ್ದು ದಡಕ್ಕೆ ಓಡಿಬಂದರು. ಅವನು ಮರಳಿನಲ್ಲಿ ಮುಖ ಹುಗಿದು ಮಲಗಿದ್ದ. ಅವಲಕ್ಕಿಯವಳು ಮಗ್ಗುಲಿಗೆ ಹೊರಳಿಸಿದಳು. ಬಾಯಿತುಂಬ ಮರಳು, ಕಣ್ಣುತುಂಬ ನೀರು. ಉಗುಳಿ ಉಗುಳಿ ಮಾತಿಗೆ ಜಾಗ ಮಾಡಿಕೊಂಡ.

‘ಎಷ್ಟು ಅಗಲ ಇತ್ತೇ ಮಗಳೇ!’

‘ಯಾವುದು ಅಜ್ಜ?’

‘ಅಲೆ! ನಿನಗೆ ಕಾಣಿಸ್ಲಿಲ್ವಾ? ಎದುರಿಗೆ ನೋಡೋಕೆ ಹೆದರಿಕೆಯಾಗಿ ಪಕ್ಕಕ್ಕೆ ನೋಡಿದೆ. ಆ ಬಂಡೆಯಿಂದ ಈ ಬಂಡೆಯವರೆಗೆ ಒಂದೇ ಅಲೆ. ಮಧ್ಯೆ ನಾನೊಬ್ಬ. ಎರಡೂ ಕಡೆ ಖಾಲಿ. ಇಪ್ಪತ್ತಮೂರು ಜನವೂ ಹತ್ತಬಹುದಿತ್ತು. ಊರಿಗೆ ಊರೇ ಒಟ್ಟಿಗೆ ಹತ್ತಬಹುದಿತ್ತು. ಆಮೇಲೂ ಜಾಗ ಉಳೀತಿತ್ತು.’

ಎಲ್ಲರೂ ತಿರುಗಿ ಕಡಲನ್ನು ನೋಡಿದರು. ಅದು ಆಗಲೇ ಸಪಾಟಾಗಿತ್ತು. ಬುಟ್ಟಿಯವ ಆ ಬಂಡೆಯಿಂದ ಈ ಬಂಡೆಗೆ ಬೆರಳಿನಲ್ಲಿ ಅಳೆಯುತ್ತ ನಿಂತ. ಬಂಡೆಯ ಮೇಲೆ ಡಂಗುರದವನು, ಇಷ್ಟು ವರ್ಷ ಎದುರಿಗೇ ಕೂತು ತಾನು ಏನು ನೋಡುತ್ತಿದ್ದೆ ಅಂತ ತಲೆಯ ಮೇಲೆ ಕೈ ಹೊತ್ತಿದ್ದ.

ಅಜ್ಜ ಅವಲಕ್ಕಿಯವಳ ಕೈ ಹಿಡಿದುಕೊಂಡ.

‘ಮುನ್ನೂರ ಹದಿಮೂರು ಬಿಟ್ಟೆನಲ್ಲ’ ಅಂದ. ‘ಯಾರಿಗೆ ಬಿಟ್ಟೆ ಮಗಳೇ?’

ಅವಳು ಒದ್ದೆ ಸೆರಗಿನಿಂದ ಅವನ ಗಡ್ಡದ ಮರಳು ಒರೆಸಿದಳು.